ಹೆಸರು ಕೊಟ್ಟವರು ಯಾರು?

ತಮ್ಮ – ಅಕ್ಕ, ಈ ಸಾಲು ನೋಡು. ಹಳೇ ಪಿಎಚ್‌ಪಿ ಸೈಟೊಂದನ್ನ ನನ್ನ ತಲೆಗೆ ಕಟ್ಟಿದ್ದಾರೆ. ಬರೆದವನು ಯಾರೋ, ಆದರೆ ಜಾಣ. ಬ್ರೌಸರ್ ವಿಳಾಸದಲ್ಲೇ ಕೆಲಸದ ಹೆಸರು ಬರುತ್ತೆ: ಬಿಲ್_ತೋರಿಸು, ರಸೀದಿ_ಕಳಿಸು, ಹೀಗೆ. ಆ ಹೆಸರನ್ನ ಒಂದು ವೇರಿಯಬಲ್‌ಗೆ ತಗೊಂಡು ಪಕ್ಕದಲ್ಲಿ ಆವರಣ ಹಾಕಿಬಿಟ್ಟಿದ್ದಾನೆ: $ಕೆಲಸ($ವಿವರ). ಮುಗೀತು. ಇರೋ ಕೆಲಸಕ್ಕೆಲ್ಲ ಒಂದೇ ಸಾಲು. ನಾನಾಗಿದ್ದರೆ ಮಾರುದ್ದ ಸ್ವಿಚ್ ಬರೀತಾ ಕೂತಿರ್ತಿದ್ದೆ.

ಅಕ್ಕ – ಜಾಣತನ ಇರಲಿ. ಆ $ಕೆಲಸದ ಒಳಗೆ ಏನಿರಬೇಕು ಅಂತ ತೀರ್ಮಾನ ಮಾಡೋದು ಯಾರು?

ತಮ್ಮ – ನಮ್ಮ ಪುಟದಲ್ಲಿರೋ ಬಟನ್. ಒತ್ತಿದರೆ ವಿಳಾಸಕ್ಕೆ ಆ ಹೆಸರು ಸೇರುತ್ತೆ.

ಅಕ್ಕ – ವಿಳಾಸವನ್ನ ಕೈಯಲ್ಲಿ ಟೈಪ್ ಮಾಡೋಕೆ ನಿನ್ನ ಬಟನ್ ಯಾಕೆ ಬೇಕು? ನಾನು ಬಿಲ್_ತೋರಿಸು ಇದ್ದ ಜಾಗದಲ್ಲಿ ಪಿಎಚ್‌ಪಿಇನ್ಫೋ ಅಂತ ಬರೆದು, ವಿವರದ ಜಾಗಕ್ಕೆ ಒಂದು ಅಂಕಿ ಕೊಡ್ತೀನಿ. ಅದು ನಿನ್ನ ಸೈಟಿನ ಫಂಕ್ಷನ್ ಅಲ್ಲ, ಭಾಷೆಯ ಜೊತೆಗೇ ಬಂದದ್ದು. ಸರ್ವರ್‌ನ ಆವೃತ್ತಿ, ಫೋಲ್ಡರ್‌ಗಳ ದಾರಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಎಲ್ಲಾ ನನ್ನ ಪರದೆ ಮೇಲೆ ಬಂದು ಬೀಳುತ್ತವೆ. ಮುಂದಿನ ಸಲ ಸಿಸ್ಟಮ್ ಅಂತ ಬರೆದು, ವಿವರದ ಜಾಗದಲ್ಲಿ ಲಿನಕ್ಸ್ ಕಮಾಂಡ್ ಒಂದನ್ನ ಇಡ್ತೀನಿ. ಅಲ್ಲಿಗೆ ಆ ಸರ್ವರ್ ನನ್ನದು. ಸೈಟ್‌ಗಳಿಗೆ ನುಗ್ಗಿದವರು ಮತ್ತೆ ಬರೋಕೆ ಅನುಕೂಲ ಆಗಲಿ ಅಂತ ಬಿಟ್ಟುಹೋಗೋ ಕಳ್ಳಬಾಗಿಲು ಇರುತ್ತಲ್ಲ, ಅದರಲ್ಲಿ ಹೆಚ್ಚುಕಡಿಮೆ ಇದೇ ಸಾಲಿರುತ್ತೆ. ನಿನ್ನ ಜಾಣ ಅವರಿಗೆ ಆ ಕಷ್ಟ ಕೊಡದೆ ತಾನೇ ಇಟ್ಟುಹೋಗಿದ್ದಾನೆ.

ತಮ್ಮ – ಅಯ್ಯೋ. ಹಾಗಾದರೆ ಕರೆಯೋ ಮುಂಚೆ ಫಂಕ್ಷನ್_ಎಕ್ಸಿಸ್ಟ್ಸ್ ಹಾಕಿ, ಇದೆಯಾ ಇಲ್ವಾ ನೋಡಿಬಿಡೋಣ.

ಅಕ್ಕ – ಸಿಸ್ಟಮ್ ಇದೆಯಾ ಅಂತ ಕೇಳಿದರೆ ಇದೆ ಅಂತಲೇ ಹೇಳುತ್ತೆ, ಇದೆಯಲ್ಲ. ಕೇಳಬೇಕಾದ್ದು, ಈ ವಿಳಾಸದಿಂದ ಬಂದವನಿಗೆ ಅದನ್ನ ಕರೆಯೋ ಹಕ್ಕಿದೆಯಾ ಅಂತ.

ತಮ್ಮ – ಹಾಗಿದ್ದರೆ ಅಪಾಯದ ಹೆಸರುಗಳದ್ದೊಂದು ಪಟ್ಟಿ. ಸಿಸ್ಟಮ್ ಅಂತ ಬಂದರೆ ವಾಪಸ್ ಕಳಿಸೋದು.

ಅಕ್ಕ – ನಾನು ಅದನ್ನೇ ಕ್ಯಾಪಿಟಲ್ ಅಕ್ಷರದಲ್ಲಿ ಬರೀತೀನಿ. ಪಿಎಚ್‌ಪಿಯಲ್ಲಿ ವೇರಿಯಬಲ್ ಹೆಸರಿಗೆ ಕ್ಯಾಪಿಟಲ್, ಸ್ಮಾಲ್ ಭೇದ ಇದೆ. ಫಂಕ್ಷನ್ ಹೆಸರಿಗೆ ಇಲ್ಲ. ಅದನ್ನೂ ಹಿಡಿದೆ ಅನ್ನು. ಹೆಸರಿನ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಅಂಟಿಸ್ತೀನಿ, ಆಗಲೂ ಓಡುತ್ತೆ. ಅದನ್ನೂ ಹಿಡಿದರೆ ಎಕ್ಸೆಕ್ ಇದೆ, ಪಾಸ್‌ಥ್ರೂ ಇದೆ, ಶೆಲ್_ಎಕ್ಸೆಕ್ ಇದೆ. ಕೆಟ್ಟವರ ಪಟ್ಟಿ ಬರೆಯೋಕೆ ಕೂತರೆ ಬೆಳಗಾಗುತ್ತೆ.

ತಮ್ಮ – ಇವಾಲ್ ಹೇಳಲೇ ಇಲ್ಲ ನೀನು. ಎಲ್ಲಕ್ಕಿಂತ ಕೆಟ್ಟದ್ದು ಅದೇ ಅಲ್ವಾ?

ಅಕ್ಕ – ತಮಾಷೆ ಏನು ಗೊತ್ತಾ, ಅದನ್ನ ಮಾತ್ರ ಹೀಗೆ ಕರೆಯೋಕೆ ಆಗಲ್ಲ. ಇವಾಲ್, ಎಕೊ, ಇಸ್‌ಸೆಟ್, ಇನ್‌ಕ್ಲೂಡ್ ಇವೆಲ್ಲ ನೋಡೋಕೆ ಫಂಕ್ಷನ್ ಥರ ಇದ್ದರೂ ಭಾಷೆಯ ವ್ಯಾಕರಣಕ್ಕೆ ಸೇರಿದವು. ಸ್ಟ್ರಿಂಗ್‌ನಲ್ಲಿ ಅವುಗಳ ಹೆಸರಿಟ್ಟು ಕರೆದರೆ ಅಂಥ ಫಂಕ್ಷನ್ನೇ ಇಲ್ಲ ಅನ್ನುತ್ತೆ. ಅದಕ್ಕೇ ಕಳ್ಳರು ಬಹಳ ಕಾಲ ಅಸರ್ಟ್ ಅನ್ನೋದನ್ನ ನೆಚ್ಚಿಕೊಂಡಿದ್ದರು. ಅದು ನಿಜವಾದ ಫಂಕ್ಷನ್, ಸ್ಟ್ರಿಂಗ್ ಕೊಟ್ಟರೆ ಪ್ರೋಗ್ರಾಮ್ ಅಂದುಕೊಂಡು ಓಡಿಸಿಬಿಡುತ್ತಿತ್ತು. 7.1ನೇ ಆವೃತ್ತಿಯಲ್ಲಿ ಅದನ್ನ ಹಾಗೆ ಸ್ಟ್ರಿಂಗ್ ಕೊಟ್ಟು ಹೆಸರಿನಿಂದ ಕರೆಯೋದಕ್ಕೆ ತಡೆ ಹಾಕಿದರು, 8.0ರಲ್ಲಿ ಸ್ಟ್ರಿಂಗ್ ಓಡಿಸೋ ಬುದ್ಧಿಯನ್ನೇ ಬಿಡಿಸಿದರು.

ತಮ್ಮ – ಇರು, ನನಗೊಂದು ತರ್ಕ ಹೊಳೀತಿದೆ. ನೇರವಾಗಿ ಬಿಲ್_ತೋರಿಸು() ಅಂತ ಬರೆದರೂ ನಾನು ಬರೆದದ್ದು ಹೆಸರನ್ನೇ ತಾನೆ? ಪಿಎಚ್‌ಪಿ ಒಳಗೆ ಫಂಕ್ಷನ್‌ಗಳದ್ದು ಒಂದು ಕೋಷ್ಟಕ ಇರುತ್ತೆ. ಎರಡು ವಿಧದ ಕರೆಯೂ ಅದರಲ್ಲೇ ಹುಡುಕುತ್ತವೆ. ಹಾಗಿದ್ದ ಮೇಲೆ ‘ನೇರ’ ಅನ್ನೋದು ಎಲ್ಲಿಂದ ಬಂತು?

ಅಕ್ಕ – ಒಳ್ಳೆ ಪ್ರಶ್ನೆ. ಹುಡುಕೋ ಕೋಷ್ಟಕ ಒಂದೇ, ಒಪ್ಪಿದೆ. ಆದರೆ ನೇರ ಕರೆಯಲ್ಲಿ ಹೆಸರು ಬರೆದವನು ನೀನು. ಬರೆದ ದಿನವೇ ಅದು ಕಂಪೈಲರ್‌ಗೆ ಕಾಣುತ್ತೆ, ಎಡಿಟರ್‌ಗೆ ಕಾಣುತ್ತೆ, ನಾಳೆ ನಿನ್ನ ಜಾಗಕ್ಕೆ ಬರೋ ಹುಡುಗಿಗೂ ಕಾಣುತ್ತೆ. ಸ್ಟ್ರಿಂಗ್‌ನಲ್ಲಿ ಬಂದ ಹೆಸರು ಅಲ್ಲಿಯವರೆಗೂ ಬರೀ ಮಾಹಿತಿ. ಗಿರಾಕಿಯ ಊರಿನ ಹೆಸರಿನ ಥರ, ಫೋನ್ ನಂಬರಿನ ಥರ. ಪಕ್ಕದಲ್ಲಿ ಆವರಣ ಬಿದ್ದ ಕ್ಷಣ ಅದು ಪ್ರೋಗ್ರಾಮ್ ಆಗುತ್ತೆ. ಮಾಹಿತಿ ಪ್ರೋಗ್ರಾಮ್ ಆಗಿ ದಾಟೋ ಆ ಗಡಿಯಲ್ಲಿ ಕಾವಲಿರಬೇಕು ಅನ್ನೋದಷ್ಟೇ ನನ್ನ ವಾದ. ಭಾಷೆಯನ್ನ ಕಟ್ಟಿದವರಿಗೂ ಈ ಎರಡು ಒಂದೇ ಅಂತ ಅನ್ನಿಸಿಲ್ಲ. ಎಕ್ಸ್‌ಟ್ರಾಕ್ಟ್, ಕಾಂಪ್ಯಾಕ್ಟ್, ಫಂಕ್_ಗೆಟ್_ಆರ್ಗ್ಸ್ ಇವು ಗೊತ್ತಲ್ಲ?

ತಮ್ಮ – ಎಕ್ಸ್‌ಟ್ರಾಕ್ಟ್ ಗೊತ್ತು. ಅರೇ ಒಳಗಿರೋದನ್ನೆಲ್ಲ ವೇರಿಯಬಲ್ ಮಾಡಿ ಹರಡುತ್ತೆ.

ಅಕ್ಕ – ಯಾರ ಮನೆಯಲ್ಲಿ ಹರಡುತ್ತೆ? ತನ್ನನ್ನ ಕರೆದವರಲ್ಲಿ. ಇವೆಲ್ಲ ಕರೆದವರ ವೇರಿಯಬಲ್‌ಗಳಿಗೆ ಕೈ ಹಾಕೋ ಫಂಕ್ಷನ್‌ಗಳು. ನೇರವಾಗಿ ಕರೆದರೆ ಕರೆದವರು ಯಾರು ಅಂತ ಕಂಪೈಲರ್‌ಗೆ ಮೊದಲೇ ಗೊತ್ತಿರುತ್ತೆ, ಆ ಫಂಕ್ಷನ್ನಿನ ವೇರಿಯಬಲ್‌ಗಳ ವಿಷಯದಲ್ಲಿ ಹುಷಾರಾಗಿರುತ್ತೆ. ಹೆಸರನ್ನ ಅರೇ_ಮ್ಯಾಪ್ ಕೈಯಲ್ಲಿ ಕೊಟ್ಟು ಕರೆಸಿದರೆ? ಕರೆದವರು ಅಂತ ಯಾರನ್ನ ಲೆಕ್ಕಕ್ಕೆ ತಗೊಳ್ಳೋದು? 7.1ರಿಂದ ಇವನ್ನ ಹೆಸರಿನಿಂದ ಕರೆದರೆ ‘ಡೈನಾಮಿಕ್ ಆಗಿ ಕರೆಯೋ ಹಾಗಿಲ್ಲ’ ಅನ್ನುತ್ತೆ.

ತಮ್ಮ – ವೇಗದ ಮಾತೇ ಎತ್ತಲಿಲ್ಲ ನೀನು. ಕಾಲ್_ಯೂಸರ್_ಫಂಕ್ ನಿಧಾನ, ನೇರ ಕರೆ ವೇಗ ಅಂತ ಎಲ್ಲರೂ ಹೇಳ್ತಾರೆ. ನಾನಂತೂ ನೀನು ಅಲ್ಲಿಂದಲೇ ಶುರು ಮಾಡ್ತೀಯ ಅಂದುಕೊಂಡಿದ್ದೆ.

ಅಕ್ಕ – ನಿಧಾನ ನಿಜ. ನೇರ ಕರೆಯಲ್ಲಿ ಒಮ್ಮೆ ಹುಡುಕಿ ಸಿಕ್ಕಿದ್ದನ್ನ ಆ ಸಾಲಿಗೇ ಗಂಟುಹಾಕಿ ಇಟ್ಟುಕೊಳ್ಳುತ್ತೆ, ಲೂಪಿನ ಮುಂದಿನ ಸುತ್ತಿನಲ್ಲಿ ಹುಡುಕಾಟ ಇಲ್ಲ. ವೇರಿಯಬಲ್‌ನಲ್ಲಿರೋ ಹೆಸರಾದರೆ ಪ್ರತಿಸಲ ಸ್ಮಾಲ್ ಅಕ್ಷರ ಮಾಡಿ ಪ್ರತಿಸಲ ಹುಡುಕಬೇಕು. ಸ್ಟ್ರ್‌ಲೆನ್‌ನಂಥ ಕೆಲವನ್ನ ನೇರವಾಗಿ ಬರೆದರೆ ಪಿಎಚ್‌ಪಿ ಫಂಕ್ಷನ್ ಅಂತ ಕರೆಯೋದೂ ಇಲ್ಲ, ಅದಕ್ಕೇ ಬೇರೆ ಸೂಚನೆ ಇದೆ. ಆದರೆ ನಿನ್ನ ಪುಟ ಒಂದು ಸಲ ತೆರೆದರೆ ಹೀಗೆ ಕರೆಯೋದು ಒಂದೇ ಬಾರಿ. ಅದರ ಹಿಂದೆಯೇ ಡೇಟಾಬೇಸಿಗೆ ಹೋಗೋ ಪ್ರಶ್ನೆಗಳು ತಿನ್ನೋ ಸಮಯದ ಮುಂದೆ ಇದು ಲೆಕ್ಕಕ್ಕೇ ಬರಲ್ಲ. ಲಕ್ಷಗಟ್ಟಲೆ ಸುತ್ತೋ ಲೂಪಿನೊಳಗೆ ಇದ್ದರೆ ಮಾತ್ರ ಯೋಚನೆ ಮಾಡು. ವೇಗದ ಮೇಲೆ ಈ ಜಗಳ ಆಡೋರು ಅಸಲು ವಿಷಯ ಬಿಟ್ಟು ಬಡ್ಡಿ ಎಣಿಸ್ತಾರೆ.

ತಮ್ಮ – ಹೆಸರು ಹುಡುಕೋದು ಅಷ್ಟು ಅಗ್ಗ ಅನ್ನು.

ಅಕ್ಕ – ಈಗ ಅಗ್ಗ. ಮೊದಲು ಹೇಗಿತ್ತು ಅಂತ ಕೇಳು. ಪಿಎಚ್‌ಪಿಯನ್ನ ಹುಟ್ಟುಹಾಕಿದ ರಾಸ್ಮಸ್ ಲೆರ್ಡಾರ್ಫ್ ಅವರೇ 2013ರಲ್ಲಿ ಇದನ್ನ ಬರೆದುಕೊಂಡಿದ್ದಾರೆ. ತೀರಾ ಆರಂಭದಲ್ಲಿ, ನೂರಕ್ಕಿಂತ ಕಡಿಮೆ ಫಂಕ್ಷನ್‌ಗಳಿದ್ದಾಗ, ಹೆಸರು ಹುಡುಕೋಕೆ ಅವರು ಬಳಸಿದ ಹ್ಯಾಷ್ ಲೆಕ್ಕ ಏನು ಗೊತ್ತಾ? ಹೆಸರಿನಲ್ಲಿ ಎಷ್ಟು ಅಕ್ಷರ ಅನ್ನೋದು. ಐದಕ್ಷರದವೆಲ್ಲ ಒಂದು ಗುಂಪು, ಆರಕ್ಷರದವು ಇನ್ನೊಂದು. ಒಂದೇ ಉದ್ದದ ಹೆಸರು ಜಾಸ್ತಿಯಾದರೆ ಒಂದೇ ಗುಂಪಿನಲ್ಲಿ ಜನಜಂಗುಳಿ, ಹುಡುಕೋದು ನಿಧಾನ. ಅದಕ್ಕೆ ಅವರು ಬೇರೆಬೇರೆ ಉದ್ದದ ಹೆಸರುಗಳನ್ನ ಇಡ್ತಾ ಹೋದರಂತೆ. ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಅನ್ನೋ ಹದಿನಾರು ಇಂಗ್ಲಿಷ್ ಅಕ್ಷರಗಳ ಮಾರುದ್ದದ ಹೆಸರು ಆ ಕಾಲದ್ದೇ.

ತಮ್ಮ – ಅದನ್ನ ಟೈಪ್ ಮಾಡಿ ಮಾಡಿ ಸಾಕಾಗಿದೆ. ಕಾರಣ ಇದಾ!

ಅಕ್ಕ – ಹೆಸರಿನ ಉದ್ದವೇ ವೇಗವನ್ನ ನಿರ್ಧರಿಸ್ತಿದ್ದ ಕಾಲ. ಇರಲಿ, ಅದು ಕಥೆ. ನಿನಗೆ ನಿಜವಾಗಿ ತಲೆನೋವು ಕೊಡೋದು ಎರಡು ಸಂಗತಿ. ಒಂದು ರೆಫರೆನ್ಸ್. $ಪಟ್ಟಿ ಅನ್ನೋ ಅರೇಯನ್ನ ಸಾರ್ಟ್ ಮಾಡಬೇಕು. ನೇರವಾಗಿ ಬರೆದರೆ ಆಗುತ್ತೆ. ಸಾರ್ಟ್ ಅನ್ನೋ ಹೆಸರನ್ನ ವೇರಿಯಬಲ್‌ಗೆ ಹಾಕಿ ಆವರಣ ಕೊಟ್ಟರೂ ಆಗುತ್ತೆ. ಕಾಲ್_ಯೂಸರ್_ಫಂಕ್ ಮೂಲಕ ಕರೆದರೆ ಒಂದು ಎಚ್ಚರಿಕೆ ಕೊಟ್ಟು, ಪಟ್ಟಿಯನ್ನ ಇದ್ದಂಗೇ ಬಿಟ್ಟುಬಿಡುತ್ತೆ. ನಡುವೆ ನಿಂತ ಆ ಫಂಕ್ಷನ್ ಕೈಗೆ ಸಿಗೋದು ನಕಲು.

ತಮ್ಮ – ಇನ್ನೊಂದು?

ಅಕ್ಕ – ನೇಮ್‌ಸ್ಪೇಸ್. ನಿನ್ನ ಫೈಲಿನ ತಲೆಯಲ್ಲಿ ನೇಮ್‌ಸ್ಪೇಸ್ ಅಂಗಡಿ ಅಂತ ಬರೆದಿದ್ದೀಯ ಅನ್ನು. ಒಳಗೆ ಬಿಲ್_ತೋರಿಸು() ಅಂತ ನೇರವಾಗಿ ಬರೆದರೆ ಮೊದಲು ಅಂಗಡಿಯೊಳಗೆ ನೋಡುತ್ತೆ, ಸಿಗದಿದ್ದರೆ ಹೊರಗಿನ ಸಾರ್ವಜನಿಕ ಫಂಕ್ಷನ್‌ಗಳಲ್ಲಿ ನೋಡುತ್ತೆ. ಅದೇ ಹೆಸರನ್ನ ಸ್ಟ್ರಿಂಗ್ ಮಾಡಿ ಕರೆ, ಇಲ್ಲ ಅನ್ನುತ್ತೆ. ಸ್ಟ್ರಿಂಗ್‌ಗೆ ತಾನು ಯಾವ ಫೈಲಲ್ಲಿ ಹುಟ್ಟಿದೆ ಅನ್ನೋದು ಗೊತ್ತಿರಲ್ಲ. ಮದುವೆ ಛತ್ರದ ನಡುವೆ ನಿಂತು ‘ಮಂಜೂ’ ಅಂತ ಕೂಗಿದ ಹಾಗೆ. ನಿನ್ನ ಮನಸ್ಸಲ್ಲಿರೋ ಮಂಜು ಯಾರ ಮನೆಯವನು ಅಂತ ಕೂಗಿಗೆ ಗೊತ್ತಾ? ಮನೆತನ ಸೇರಿಸಿ, ಅಂದರೆ ನೇಮ್‌ಸ್ಪೇಸ್ ಸಮೇತ ಪೂರ್ತಿ ಹೆಸರು ಬರೀಬೇಕು. ಫೈಲಿನ ಮೇಲ್ಗಡೆ ‘ಯೂಸ್ ಫಂಕ್ಷನ್’ ಅಂತ ಆಮದು ಮಾಡಿಕೊಂಡಿದ್ದರೂ ಸ್ಟ್ರಿಂಗ್‌ಗೆ ಅದು ಕಾಣಲ್ಲ.

ತಮ್ಮ – ಇದು ನನಗೆ ಆಗಲೇ ಬಿದ್ದಿದೆ ಪೆಟ್ಟು. ಇನ್ನೊಂದು ವಿಷಯ ಹೇಳ್ತೀನಿ ಕೇಳು. ನಿನ್ನೆ ರಸೀದಿ_ಕಳಿಸು ಎಲ್ಲೆಲ್ಲಿ ಬಳಕೆಯಾಗಿದೆ ಅಂತ ಇಡೀ ಪ್ರಾಜೆಕ್ಟಲ್ಲಿ ಹುಡುಕಿದೆ. ಬರೆದ ಜಾಗ ಬಿಟ್ಟು ಇನ್ನೆಲ್ಲೂ ಇಲ್ಲ. ಎಡಿಟರ್ ಕೂಡ ಬಣ್ಣ ಮಾಸಿಸಿ, ಇದು ಬಳಕೆಯಲ್ಲಿಲ್ಲ ಅಂತ ತೋರಿಸ್ತು. ಅಳಿಸೋದರಲ್ಲಿದ್ದೆ.

ಅಕ್ಕ – ಅಳಿಸಿದ್ದರೆ ಗಿರಾಕಿಗಳಿಗೆ ರಸೀದಿ ಹೋಗೋದು ನಿಂತಾಗ ಗೊತ್ತಾಗ್ತಿತ್ತು. ಇದೇ ಕಣೋ ನಾನು ಹೇಳೋ ನಿಜವಾದ ಬೆಲೆ. ಹೆಸರು ಎರಡು ತುಂಡಾಗಿದ್ದರೆ ಕೇಳಲೇಬೇಡ: ‘ರಸೀದಿ_’ ಅನ್ನೋದು ಒಂದು ಕಡೆ, ‘ಕಳಿಸು’ ಇನ್ನೊಂದು ಕಡೆ, ಚುಕ್ಕಿ ಹಾಕಿ ಅಂಟಿಸಿರ್ತಾರೆ. ಯಾವ ಹುಡುಕಾಟಕ್ಕೂ ಸಿಗಲ್ಲ. ಹೆಸರು ಬದಲಾಯಿಸಿದರೆ ಎಡಿಟರ್ ಎಲ್ಲಾ ಕಡೆ ಬದಲಾಯಿಸುತ್ತೆ, ಅಂಟಿಸಿದ ಜಾಗ ಒಂದನ್ನ ಬಿಟ್ಟು. ಆ ತಪ್ಪು ಕಾಣೋದು ಓಡಿದಾಗ, ಅದೂ ಯಾರೋ ಆ ಬಟನ್ ಒತ್ತಿದ ದಿನ.

ತಮ್ಮ – ಹಾಗಾದರೆ ಎಲ್ಲಾ ಕಡೆ ನೇರ ಕರೆಯೇ ಇರಲಿ, ಹೆಸರಿನ ಸಹವಾಸವೇ ಬೇಡ ಅಂತೀಯ?

ಅಕ್ಕ – ಹಾಗೆ ಅನ್ನೋಕೆ ಬರಲ್ಲ. ಫಂಕ್ಷನ್ನನ್ನ ನಾಳೆ ಕರೀಬೇಕು ಅಂದರೆ ಏನು ಮಾಡ್ತೀಯ? ಅಥವಾ ಬೇರೆ ಸರ್ವರ್‌ನಲ್ಲಿ?

ತಮ್ಮ – ಕ್ಲೋಷರ್ ಮಾಡಿ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ತೀನಿ.

ಅಕ್ಕ – ಇಟ್ಟು ನೋಡು. ಕ್ಲೋಷರನ್ನ ಸೀರಿಯಲೈಸ್ ಮಾಡೋಕೆ ಪಿಎಚ್‌ಪಿ ಒಪ್ಪಲ್ಲ, ಎಕ್ಸೆಪ್ಷನ್ ಎಸೆಯುತ್ತೆ. ಕಾಲ ದಾಟಿ, ಯಂತ್ರ ದಾಟಿ ಹೋಗಬೇಕಾದರೆ ಫಂಕ್ಷನ್ ಪ್ರಯಾಣ ಮಾಡಲ್ಲ, ಅದರ ಹೆಸರು ಪ್ರಯಾಣ ಮಾಡುತ್ತೆ. ವರ್ಡ್‌ಪ್ರೆಸ್‌ನಲ್ಲಿ ದಿನಾ ಒಂದು ಕೆಲಸ ಆಗಲಿ ಅಂತ ನಿಗದಿ ಮಾಡ್ತೀಯಲ್ಲ, ಡೇಟಾಬೇಸಿನ ಆಪ್ಷನ್ಸ್ ಟೇಬಲ್ ತೆರೆದು ನೋಡು. ಅಲ್ಲಿರೋದು ಹೊತ್ತು, ಹುಕ್ಕಿನ ಹೆಸರು, ಕೊಡಬೇಕಾದ ವಿವರ. ಪೈಥಾನ್‌ನ ಪಿಕಲ್ ಕೂಡ ಹಾಗೇ. ಫಂಕ್ಷನ್ನನ್ನ ಪಿಕಲ್ ಮಾಡಿದರೆ ಅದರೊಳಗಿನ ಕೋಡ್ ಒಂದು ಸಾಲೂ ಫೈಲಿಗೆ ಹೋಗಲ್ಲ. ಮಾಡ್ಯೂಲಿನ ಹೆಸರು, ಫಂಕ್ಷನ್ನಿನ ಹೆಸರು ಅಷ್ಟೇ ಹೋಗುತ್ತೆ. ಲ್ಯಾಂಬ್ಡಾಗೆ ಅಂಥ ಹೆಸರಿಲ್ಲ, ಅದಕ್ಕೇ ಪಿಕಲ್ ಆಗಲ್ಲ.

ತಮ್ಮ – ಆ ಹೆಸರನ್ನ ಯಾರಾದರೂ ನಡುವೆ ತಿದ್ದಿದರೆ?

ಅಕ್ಕ – ನಿನ್ನ ಸಾಲಿಗೆ ಆದದ್ದೇ ಅದಕ್ಕೂ ಆಗುತ್ತೆ. ಓಎಸ್ ಮಾಡ್ಯೂಲಿನ ಸಿಸ್ಟಮ್ ಅಂತ ಬರೆದ ಪಿಕಲ್ ಫೈಲ್ ಕಳಿಸಿದರೆ, ತೆರೆದವನ ಯಂತ್ರದಲ್ಲಿ ಕಮಾಂಡ್ ಓಡುತ್ತೆ. ನಂಬಿಕೆಯಿಲ್ಲದ ಕಡೆಯಿಂದ ಬಂದ ಪಿಕಲ್ ತೆರೀಬೇಡಿ ಅಂತ ಪೈಥಾನ್‌ನವರೇ ತಮ್ಮ ಕೈಪಿಡಿಯಲ್ಲಿ ಎಚ್ಚರಿಸ್ತಾರೆ. ಭಾಷೆ ಬೇರೆ, ರೋಗ ಒಂದೇ.

ತಮ್ಮ – ವರ್ಡ್‌ಪ್ರೆಸ್ ಅಂದೆಯಲ್ಲ, ಅಲ್ಲಿ ಆಡ್_ಆಕ್ಷನ್‌ಗೆ ನಾವು ಹೆಸರನ್ನೇ ಕೊಡೋದು. ನನ್ನ ಸ್ನೇಹಿತ ಅದಕ್ಕೆಲ್ಲ ಹೆಸರಿಲ್ಲದ ಫಂಕ್ಷನ್ ಕೊಡ್ತಾನೆ. ನೀಟಾಗಿ ಕಾಣುತ್ತೆ ಅಂತ.

ಅಕ್ಕ – ಅವನ ಪ್ಲಗಿನ್ ಬಳಸೋರು ಅವನನ್ನ ಬೈಕೊಳ್ತಿರ್ತಾರೆ. ರಿಮೂವ್_ಆಕ್ಷನ್ ಮಾಡಬೇಕಾದರೆ ಸೇರಿಸುವಾಗ ಕೊಟ್ಟದ್ದನ್ನೇ ಮತ್ತೆ ಕೊಡಬೇಕು. ಹೆಸರು ಕೊಟ್ಟಿದ್ದರೆ ಅದೇ ಹೆಸರು ಬರೆದು ಕಿತ್ತುಹಾಕಬಹುದು. ಹೆಸರಿಲ್ಲದ ಫಂಕ್ಷನ್ ಆದರೆ ಆ ವಸ್ತುವೇ ಕೈಯಲ್ಲಿರಬೇಕು. ಅವನ ಫೈಲಿನೊಳಗೆ ಹುಟ್ಟಿ ಅಲ್ಲೇ ಮರೆಯಾದದ್ದನ್ನ ಬೇರೆಯವರು ಎಲ್ಲಿಂದ ತರ್ತಾರೆ? ಇನ್ನೊಬ್ಬರು ಬಂದು ತೆಗೆಯೋ, ಬದಲಾಯಿಸೋ ಜಾಗಗಳಲ್ಲಿ ಹೆಸರೇ ಮರ್ಯಾದೆ. ವರ್ಡ್‌ಪ್ರೆಸ್‌ನ ಅಜಾಕ್ಸ್ ನೋಡು, ನಿನ್ನ ಸೈಟಿನ ಹಾಗೇ ಕೆಲಸದ ಹೆಸರು ಹೊರಗಿನಿಂದ ಬರುತ್ತೆ. ಆದರೆ ಅದನ್ನ ಫಂಕ್ಷನ್ ಹೆಸರು ಅಂತ ಕರೆಯಲ್ಲ. ಮುಂದೆ ‘ಡಬ್ಲ್ಯೂಪಿ_ಅಜಾಕ್ಸ್_’ ಅಂತ ಸೇರಿಸಿ, ಆ ಹೆಸರಿನ ಹುಕ್ಕಿಗೆ ಯಾರಾದರೂ ಮೊದಲೇ ನೋಂದಾಯಿಸಿಕೊಂಡಿದ್ದರೆ ಅವರನ್ನ ಕರೆಯುತ್ತೆ. ಯಾರೂ ಇಲ್ಲದಿದ್ದರೆ ಉತ್ತರ ಒಂದು ಸೊನ್ನೆ. ಲಾಗಿನ್ ಆಗದವರಿಗೆ ನೋಂದಣಿಯೇ ಬೇರೆ. ಇಂಥ ಕಾವಲು ಇದ್ದರೆ ಹೊರಗಿನಿಂದ ಹೆಸರು ಬರೋದರಲ್ಲಿ ನನ್ನ ತಕರಾರಿಲ್ಲ.

ತಮ್ಮ – ಒಂದು ಸಂಶಯ. ಹೆಸರು ಇಟ್ಟುಕೊಳ್ಳೋದು, ಫಂಕ್ಷನ್ನನ್ನೇ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳೋದು, ಎರಡೂ ಕೊನೆಗೆ ಅದೇ ಫಂಕ್ಷನ್ನನ್ನ ತಾನೆ ಕರೆಯೋದು?

ಅಕ್ಕ – ನಡುವೆ ಯಾರೂ ಆ ಹೆಸರಿಗೆ ಬೇರೆ ಫಂಕ್ಷನ್ ಕಟ್ಟದಿದ್ದರೆ ಹೌದು. ಪಿಎಚ್‌ಪಿಯಲ್ಲಿ ಫಂಕ್ಷನ್ನನ್ನ ಎರಡು ಸಲ ಘೋಷಿಸೋಕೆ ಬಿಡಲ್ಲವಾದ್ದರಿಂದ ನಿನಗೆ ಇದು ಕಾಣಲ್ಲ. ಇದನ್ನ ಅಚ್ಚುಕಟ್ಟಾಗಿ ಬಿಡಿಸಿ ಇಟ್ಟಿರೋದು ನನಗೆ ಗೊತ್ತಿರೋ ಮಟ್ಟಿಗೆ ವಿಮ್ ಎಡಿಟರಿನ ಸ್ಕ್ರಿಪ್ಟ್. ಅಲ್ಲಿ ಫಂಕ್ಷನ್ ಅನ್ನೋ ಹೆಸರಿನ ಒಂದು, ಫಂಕ್‌ರೆಫ್ ಅನ್ನೋ ಇನ್ನೊಂದು, ಎರಡೂ ಇವೆ. ಎರಡಕ್ಕೂ ನೀನು ಕೊಡೋದು ಹೆಸರೇ. ಮೊದಲನೆಯದು ಹಿಂದಕ್ಕೆ ಕೊಡೋ ವಸ್ತು, ಕರೆದಾಗಲೆಲ್ಲ ಹೆಸರನ್ನ ಹೊಸದಾಗಿ ಹುಡುಕುತ್ತೆ. ನಡುವೆ ನೀನು ಸ್ಕ್ರಿಪ್ಟ್ ತಿದ್ದಿ ಮತ್ತೆ ಓದಿಸಿದ್ದರೆ ಹೊಸ ಫಂಕ್ಷನ್ ಓಡುತ್ತೆ. ಎರಡನೆಯದು ಆ ಹೊತ್ತಿಗೆ ಇದ್ದ ಫಂಕ್ಷನ್ನನ್ನೇ ಹಿಡಿದುಕೊಳ್ಳುತ್ತೆ. ನೀನು ಏನು ತಿದ್ದಿದರೂ ಹಳೆಯದೇ ಓಡುತ್ತೆ.

ತಮ್ಮ – ಯಾವುದು ಸರಿ?

ಅಕ್ಕ – ಎರಡೂ ಬೇಕು ಅಂತಲೇ ಎರಡು ಇಟ್ಟಿದ್ದಾರೆ. ಕಾಮನ್ ಲಿಸ್ಪ್‌ನಲ್ಲೂ ಫನ್‌ಕಾಲ್‌ಗೆ ಚಿಹ್ನೆಯನ್ನ ಕೊಟ್ಟರೆ ಒಂದು ರೀತಿ, ಫಂಕ್ಷನ್ ವಸ್ತುವನ್ನೇ ಕೊಟ್ಟರೆ ಇನ್ನೊಂದು ರೀತಿ. ಇಮ್ಯಾಕ್ಸ್ ಬಳಸೋರು ಹುಕ್‌ಗಳಿಗೆ ಲ್ಯಾಂಬ್ಡಾ ಕೊಡಬೇಡಿ, ಹೆಸರು ಕೊಡಿ ಅನ್ನೋದು ಇದಕ್ಕೇ. ಎಡಿಟರ್ ಮುಚ್ಚದೆ ಫಂಕ್ಷನ್ ತಿದ್ದುತ್ತಾ ಕೂರೋರಿಗೆ ಹೆಸರು ಬೇಕು. ಪೈಥಾನ್‌ನಲ್ಲಿ ಪರೀಕ್ಷೆ ಬರೆಯೋ ಹುಡುಗರು ಇದೇ ಗುಂಡಿಗೆ ಬೀಳ್ತಾರೆ. ‘ಫ್ರಮ್ ಅಂಚೆ ಇಂಪೋರ್ಟ್ ಕಳಿಸು’ ಅಂದರೆ ಆ ಹೊತ್ತಿನ ಫಂಕ್ಷನ್ನಿಗೆ ಈ ಫೈಲಿನಲ್ಲಿ ಇನ್ನೊಂದು ಹೆಸರು ಕಟ್ಟಿದ ಹಾಗೆ. ಆಮೇಲೆ ಅಂಚೆ ಮಾಡ್ಯೂಲಿನೊಳಗಿನ ಕಳಿಸುವನ್ನ ಮಾಕ್ ಮಾಡಿದರೆ ಈ ಫೈಲಿಗೆ ತಟ್ಟೋದೇ ಇಲ್ಲ, ಪರೀಕ್ಷೆ ನಡೆಸುವಾಗ ನಿಜವಾದ ಇಮೇಲ್ ಹೊರಟುಹೋಗುತ್ತೆ. ಬಳಸೋ ಫೈಲಿನಲ್ಲಿರೋ ಹೆಸರಿಗೇ ಪ್ಯಾಚ್ ಹಾಕಬೇಕು.

ತಮ್ಮ – ಪಿಎಚ್‌ಪಿಯಲ್ಲಿ ಹೆಸರಿನ ಬದಲು ಫಂಕ್ಷನ್ನನ್ನೇ ಹಿಡಿದುಕೊಳ್ಳೋಕೆ ಏನು ದಾರಿ?

ಅಕ್ಕ – ಬಹಳ ಕಾಲ ನೆಟ್ಟಗಿನ ದಾರಿ ಇರಲಿಲ್ಲ. ಕ್ರಿಯೇಟ್_ಫಂಕ್ಷನ್ ಅಂತ ಒಂದಿತ್ತು. ಕೋಡನ್ನ ಸ್ಟ್ರಿಂಗ್ ಮಾಡಿ ಕೊಟ್ಟರೆ ಒಳಗೊಳಗೇ ಇವಾಲ್ ಮಾಡಿ, ಒಂದು ಹೆಸರು ಹಿಂದಕ್ಕೆ ಕೊಡ್ತಿತ್ತು. ಆ ಹೆಸರಿನ ಮೊದಲ ಅಕ್ಷರ ಶೂನ್ಯ ಬೈಟ್, ಮುಂದೆ ಲ್ಯಾಂಬ್ಡಾ ಅಂತ, ಅದಕ್ಕೊಂದು ನಂಬರ್. ಯಾರ ಹೆಸರಿನ ಜೊತೆಗೂ ತಾಗಬಾರದು ಅಂತ ಮಾಡಿದ ಉಪಾಯ. ಹೆಸರಿಲ್ಲದ ಫಂಕ್ಷನ್‌ಗೂ ಹೆಸರಿಡದೆ ಬಿಡಲಿಲ್ಲ ನೋಡು! 2009ರಲ್ಲಿ 5.3 ಬಂದಾಗ ನಿಜವಾದ ಕ್ಲೋಷರ್ ಬಂತು, 8.0ರಲ್ಲಿ ಕ್ರಿಯೇಟ್_ಫಂಕ್ಷನ್ ತೆಗೆದುಹಾಕಿದರು. 2021ರ ನವೆಂಬರಿನಲ್ಲಿ ಬಂದ 8.1ರಲ್ಲಿ ಬೇಕಾದ್ದು ಸಿಕ್ಕಿತು: ಬಿಲ್_ತೋರಿಸು(...) ಅಂತ ಆವರಣದೊಳಗೆ ಮೂರು ಚುಕ್ಕಿ ಬರೆದರೆ ಕರೆಯಲ್ಲ, ಆ ಫಂಕ್ಷನ್ನನ್ನ ಕೈಗೆ ಕೊಡುತ್ತೆ. ಸ್ಟ್ರಿಂಗ್ ಅಲ್ಲವಾದ್ದರಿಂದ ಎಡಿಟರ್‌ಗೂ ಕಾಣುತ್ತೆ, ನೇಮ್‌ಸ್ಪೇಸೂ ಸರಿಯಾಗಿ ಹಿಡಿಯುತ್ತೆ.

ತಮ್ಮ – ಅಂದರೆ ಕಾವಲಿಗೆ ನಾನೇ ಒಂದು ಕೋಷ್ಟಕ ಬರೀಬೇಕು, ಹೀಗೆ: ಎಡಗಡೆ ವಿಳಾಸದಲ್ಲಿ ಬರೋ ಪದ, ಬಲಗಡೆ ಮೂರು ಚುಕ್ಕಿಯ ಫಂಕ್ಷನ್. ಎಡಗಡೆ ಇಲ್ಲದ ಪದ ಬಂದರೆ 404.

ಅಕ್ಕ – ಅಷ್ಟೇ. ಪುಟದ ಮುಂಭಾಗದ ಜಾವಾಸ್ಕ್ರಿಪ್ಟ್‌ನಲ್ಲೂ ಇದೇ ಮಾಡಬೇಕು ಅನ್ನಿಸಿದರೆ ಒಂದು ಎಚ್ಚರ. ಖಾಲಿ ಆಬ್ಜೆಕ್ಟನ್ನ ಕೋಷ್ಟಕ ಮಾಡಿಕೊಂಡರೆ ಅದು ನಿಜವಾಗಿ ಖಾಲಿ ಇರಲ್ಲ. ಕನ್‌ಸ್ಟ್ರಕ್ಟರ್, ಟೂಸ್ಟ್ರಿಂಗ್ ಅನ್ನೋ ಹೆಸರು ಕೊಟ್ಟು ನೋಡು, ನೀನು ಬರೆಯದ ಫಂಕ್ಷನ್ ಪೂರ್ವಿಕರ ಕಡೆಯಿಂದ ಬಂದು ಸಿಗುತ್ತೆ. ಮ್ಯಾಪ್ ಬಳಸು.

ತಮ್ಮ – ಎಡಗಡೆ ಪದ ಕನ್ನಡದಲ್ಲೇ ಇರಲಾ? ಫಂಕ್ಷನ್‌ಗಳೆಲ್ಲ ಹೇಗೂ ಕನ್ನಡದಲ್ಲೇ ಇವೆ.

ಅಕ್ಕ – ಫಂಕ್ಷನ್ನಿಗೆ ಕನ್ನಡ ಹೆಸರು ಇಡಬಹುದು. ಆಸ್ಕಿ ಆಚೆಯ ಯಾವ ಬೈಟನ್ನೂ ಪಿಎಚ್‌ಪಿ ಹೆಸರಿನ ಅಕ್ಷರ ಅಂತ ಒಪ್ಪಿಕೊಳ್ಳುತ್ತೆ. ಪೈಥಾನ್ 3, ಜಾವಾಸ್ಕ್ರಿಪ್ಟ್ ಕೂಡ ಒಪ್ಪುತ್ತವೆ. ಆದರೆ ನೇರ ಕರೆ, ಹೆಸರಿನ ಕರೆ ಅನ್ನೋ ಭೇದ ನಮ್ಮ ಲಿಪಿಯಲ್ಲಿ ಕಣ್ಣಿಗೆ ಹೊಡೆಯೋ ಹಾಗೆ ಕಾಣುತ್ತೆ. ‘ಕೊಡು’ ತಗೋ. ಅದರಲ್ಲಿರೋ ಒತ್ವವನ್ನ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೀಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಅಕ್ಕಪಕ್ಕ ಇಟ್ಟೂ ಬರೀಬಹುದು. ಪರದೆ ಮೇಲೆ ಎರಡೂ ಒಂದೇ.

ತಮ್ಮ – ಬೈಟ್ ಬೇರೆಬೇರೆ.

ಅಕ್ಕ – ಪೈಥಾನ್ ತನ್ನ ಸೋರ್ಸ್ ಕೋಡಿನಲ್ಲಿರೋ ಹೆಸರುಗಳನ್ನೆಲ್ಲ ಓದುವಾಗಲೇ ಒಂದು ರೂಪಕ್ಕೆ ತರುತ್ತೆ. ಹಾಗಾಗಿ ಕೊಡು() ಅಂತ ನೇರವಾಗಿ ಕರೆದರೆ ಎರಡು ಬರವಣಿಗೆಯೂ ಒಂದೇ ಫಂಕ್ಷನ್ನಿಗೆ ಹೋಗುತ್ತೆ. ಅದೇ ಹೆಸರನ್ನ ಸ್ಟ್ರಿಂಗ್ ಮಾಡಿ ಗ್ಲೋಬಲ್ಸ್() ಕೋಷ್ಟಕದಲ್ಲಿ ಹುಡುಕು. ಸ್ಟ್ರಿಂಗನ್ನ ಅದು ಮುಟ್ಟಲ್ಲ, ಒಡೆದು ಬರೆದ ರೂಪವಾದರೆ ಕೀಎರರ್ ಬರುತ್ತೆ. ಪಿಎಚ್‌ಪಿ ಎರಡೂ ಕಡೆ ಬರೀ ಬೈಟ್ ಹೋಲಿಸುತ್ತೆ, ನೇರ ಕರೆಯೂ ತಪ್ಪುತ್ತೆ. ಇನ್ನು ಒತ್ತಕ್ಷರ ಬಿಡಿಸೋಕೆ ಕೀಬೋರ್ಡ್ ಸೇರಿಸೋ ಕಣ್ಣಿಗೆ ಕಾಣದ ಜ಼ೆಡ್‌ಡಬ್ಲ್ಯೂಎನ್‌ಜೆ ಇದೆಯಲ್ಲ, ಅದು ಹೆಸರಿನ ನಡುವೆ ನುಸುಳಿದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಅಂತ ಕೂಗಿ ಹೇಳುತ್ತೆ. ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಎರಡೂ ಸುಮ್ಮನೆ ನುಂಗಿಕೊಂಡು ಅದನ್ನ ಬೇರೆಯೇ ಹೆಸರು ಮಾಡಿಕೊಳ್ಳುತ್ತವೆ. ಹೊರಗಿನಿಂದ ಬರೋ ಕನ್ನಡ ಪದವನ್ನ ಕೋಷ್ಟಕದಲ್ಲಿ ಹುಡುಕೋ ಮುಂಚೆ ನಾರ್ಮಲೈಸ್ ಮಾಡಲೇಬೇಕು. ಇಂಟ್ಲ್ ಎಕ್ಸ್‌ಟೆನ್ಷನ್‌ನಲ್ಲಿ ನಾರ್ಮಲೈಸರ್ ಕ್ಲಾಸ್ ಇದೆ. ನಾನಾಗಿದ್ದರೆ ಫಂಕ್ಷನ್ ಹೆಸರು ಕನ್ನಡದಲ್ಲೇ ಬಿಟ್ಟು, ವಿಳಾಸದಲ್ಲಿ ಬರೋ ಪದವನ್ನ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಡ್ತೀನಿ. ಕೋಷ್ಟಕ ಇದ್ದ ಮೇಲೆ ಎರಡೂ ಒಂದೇ ಆಗಿರಬೇಕು ಅನ್ನೋ ಕಟ್ಟುಪಾಡು ಎಲ್ಲಿದೆ?

ತಮ್ಮ – ಸರಿ, ಇವತ್ತೇ ಕೂರ್ತೀನಿ. ಆದರೆ ನಮ್ಮ ಸರ್ವರ್‌ನಲ್ಲಿ ಇರೋದು 7.4. ಮೂರು ಚುಕ್ಕಿ ನಡೆಯಲ್ಲ.

ಅಕ್ಕ – ಬಲಗಡೆ ಸ್ಟ್ರಿಂಗೇ ಬರಿ, ಪರವಾಗಿಲ್ಲ. ಆ ಸ್ಟ್ರಿಂಗ್ ಬರೆಯೋನು ನೀನು, ವಿಳಾಸ ಟೈಪ್ ಮಾಡೋನಲ್ಲ. ಕೋಷ್ಟಕವನ್ನ ಇವತ್ತು ಮಲಗೋ ಮುಂಚೆ ಹಾಕು. ಆಮೇಲೆ ಆವೃತ್ತಿ ಏರಿಸೋಕೆ ಮೇಲಿನವರ ಹತ್ತಿರ ಮಾತಾಡು, 7.4ಕ್ಕೆ ಭದ್ರತೆಯ ತಿದ್ದುಪಡಿ ಕೊಡೋದು 2022ರ ನವೆಂಬರ್ 28ಕ್ಕೇ ನಿಂತುಹೋಗಿದೆ.